ಧೂಳಪ್ಪನವರು ಕೇಳಿದ ಪ್ರಶ್ನೆ

ಕಲಬುರಗಿಯ ಒಂದು ಓಣಿಯಲ್ಲಿ ಧೂಳಪ್ಪ ಎಂಬುವರಿದ್ದರು. ಬಸ್ ಕಂಡಕ್ಟರಾಗಿ ದುಡಿದು ನಿವೃತ್ತರಾದವರು. ಬಸ್ಸಿನಲ್ಲಿ ನಿಂತು ನಿಂತು ಅವರ ಮೊಣಕಾಲು ಸವೆದಿದ್ದವು. ಓಣಿಯ ಕೊನೆಗೆ ಒಂದು ಸಣ್ಣ ಬುದ್ಧವಿಹಾರ. ತಗಡಿನ ಚಾವಣಿ, ಒಂದು ಬುದ್ಧನ ಮೂರ್ತಿ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ. ಅದರ ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಮೇಣದ ಬತ್ತಿ ಹಚ್ಚುವುದು ಎಲ್ಲ ಧೂಳಪ್ಪನವರದೇ ಕೆಲಸ.

ಓಣಿಯಲ್ಲಿ ಮದುವೆಯಾದರೆ ಪಾಲಿ ಭಾಷೆಯ ಗಾಥೆ ಹೇಳಲು ಅವರೇ ಬೇಕು. ಕೂಸಿಗೆ ಹೆಸರಿಡಲು ಅವರೇ. ಯಾರಾದರೂ ತೀರಿಕೊಂಡರಂತೂ ಜನ ಮೊದಲು ಬಂದು ಬಡಿಯುವುದು ಅವರ ಮನೆಯ ಬಾಗಿಲನ್ನೇ. ಅವರು ಬಿಳಿ ಅಂಗಿ ತೊಟ್ಟು ಹೋಗುತ್ತಿದ್ದರು. ಹೆಣದ ತಲೆಯ ಹತ್ತಿರ ನಿಂತು "ಬುದ್ಧಂ ಸರಣಂ ಗಚ್ಛಾಮಿ" ಎಂದು ಶುರು ಮಾಡುತ್ತಿದ್ದರು. ಅಳುವವರ ದನಿ ನಿಧಾನಕ್ಕೆ ತಗ್ಗುತ್ತಿತ್ತು. ನೆರೆದವರು ಒಂದೊಂದು ಸಾಲನ್ನೂ ಅವರ ಹಿಂದೆ ಹೇಳುತ್ತಿದ್ದರು. ಹುಟ್ಟಿದ್ದೆಲ್ಲ ಅಳಿಯುತ್ತದೆ, ಅದನ್ನು ತಿಳಿದವನಿಗೆ ಶಾಂತಿ ಎಂದು ನಾಲ್ಕು ಸಮಾಧಾನದ ಮಾತಾಡಿ ಧೂಳಪ್ಪನವರು ಮನೆಗೆ ಬರುತ್ತಿದ್ದರು.

ಹೀಗೇ ವರ್ಷಗಳು ಕಳೆದವು. ಒಂದು ದಿನ ಅವರ ಹೆಂಡತಿ ಶೇವಂತಾಬಾಯಿ ತೀರಿಕೊಂಡರು. ಆವತ್ತೂ ಜನ ಧೂಳಪ್ಪನವರ ಮುಖವನ್ನೇ ನೋಡಿದರು. ಗಾಥೆ ಹೇಳಲು ಬೇರೆ ಯಾರಿಗೆ ಬರುತ್ತದೆ? ಧೂಳಪ್ಪನವರು ಎದ್ದರು. ಬಿಳಿ ಅಂಗಿ ತೊಟ್ಟರು. ಹೆಂಡತಿಯ ತಲೆಯ ಹತ್ತಿರ ನಿಂತು ತಾವೇ ಹೇಳಿದರು. ಒಂದಕ್ಷರ ತಪ್ಪಲಿಲ್ಲ, ದನಿ ನಡುಗಲಿಲ್ಲ.

"ಎಂಥಾ ಗಟ್ಟಿ ಮನಷ್ಯಾ ನೋಡು," ಎಂದು ಜನ ಹೊಗಳಿದರು.

ಆವತ್ತಿನಿಂದ ಅವರಿಗೆ ಒಂದು ದಣಿವು ಅಂಟಿಕೊಂಡಿತು. ಮಲಗಿ ಎದ್ದರೂ ಹೋಗುತ್ತಿರಲಿಲ್ಲ. ಉಂಡರೂ ಹೋಗುತ್ತಿರಲಿಲ್ಲ. ಸಾವಿನ ಮನೆಗೆ ಹೋಗಿ ಅದೇ ಗಾಥೆ ಹೇಳುತ್ತಿದ್ದರು, ಅದೇ ಸಮಾಧಾನ ಹೇಳುತ್ತಿದ್ದರು. ಆದರೆ ಬಾಯಿ ಒಂದು ಕಡೆ, ಮನಸ್ಸು ಒಂದು ಕಡೆ. ಈ ಮಾತು ನನಗೇ ನಾಟಲಿಲ್ಲ, ಇವರಿಗೆ ಹೇಗೆ ಹೇಳುತ್ತಿದ್ದೇನೆ ಅನ್ನಿಸುತ್ತಿತ್ತು. ಇನ್ನು ಸಾಕು, ಬಿಟ್ಟುಬಿಡೋಣ ಅನ್ನಿಸುತ್ತಿತ್ತು. ಇದನ್ನು ಯಾರ ಮುಂದೆ ಹೇಳುವುದು? ಓಣಿಯವರೆಲ್ಲ ತಮ್ಮ ತಮ್ಮ ಕಷ್ಟ ಹೇಳಿಕೊಳ್ಳಲು ಬರುವುದೇ ಅವರ ಹತ್ತಿರ.

ಇಂಥ ಹೊತ್ತಿನಲ್ಲಿ ಒಂದು ಸುದ್ದಿ ಬಂತು. ಥಾಯ್ಲೆಂಡಿನಲ್ಲಿ ಬೌದ್ಧರ ದೊಡ್ಡ ಅಂತರರಾಷ್ಟ್ರೀಯ ಸಮ್ಮೇಳನ. ಕಲಬುರಗಿಯಿಂದ ಒಬ್ಬರು ಹೋಗಬೇಕು. ಹೋಗಬೇಕಾಗಿದ್ದ ಊರಿನ ಬೌದ್ಧ ಸಂಘದ ಅಧ್ಯಕ್ಷರಿಗೆ ಕಣ್ಣಿನ ಆಪರೇಷನ್ ಆಗಿತ್ತು. "ಧೂಳಪ್ಪ ಕಾಕಾ ಹೋಗಲಿ," ಎಂದು ಎಲ್ಲರೂ ಹೇಳಿದರು.

"ನನಗ ಆ ಭಾಷಾ ಬರಲ್ಲ. ಇಂಗ್ಲಿಷೂ ಬರಲ್ಲ. ಅಲ್ಲಿ ಹೋಗಿ ಗ್ವಾಡಿ ನೋಡ್ಕೋತ ಕುಂದ್ರಲೇನು?" ಎಂದರು ಧೂಳಪ್ಪ.

"ಬುದ್ಧಗ ಎಲ್ಲಾ ಭಾಷಾ ತಿಳೀತದ ಬಿಡ್ರಿ ಕಾಕಾ."

"ಬುದ್ಧಗ ತಿಳೀತದಪಾ. ನನಗ ತಿಳೀಬೇಕಲ್ಲ!"

ಎಲ್ಲರೂ ನಕ್ಕರು. ಆದರೆ ಸಮ್ಮೇಳನದ ಕೊನೆಯ ದಿನ ಒಬ್ಬ ಬಹಳ ಹಿರಿಯ ಭಿಕ್ಷು ಬರುತ್ತಾರೆ, ಯಾರು ಏನು ಕೇಳಿದರೂ ಉತ್ತರ ಕೊಡುತ್ತಾರೆ ಎಂದು ಕೇಳಿದಾಗ ಧೂಳಪ್ಪನವರ ಮನಸ್ಸು ತಿರುಗಿತು. ಅಲ್ಲಿ ತಮ್ಮನ್ನು ಯಾರೂ ಬಲ್ಲವರಿಲ್ಲ. ಊರಲ್ಲಿ ಕೇಳಲಾಗದ್ದನ್ನು ಅಲ್ಲಿ ಕೇಳಬಹುದು. ಹೋಗುತ್ತೇನೆ ಎಂದರು.

ದಾರಿಯುದ್ದಕ್ಕೂ ಆ ಪ್ರಶ್ನೆಯನ್ನು ಮನಸ್ಸಿನಲ್ಲೇ ತಿದ್ದಿ ತೀಡಿ ಸಿದ್ಧ ಮಾಡಿದರು. "ಭಂತೇಜಿ, ಊರ ಮಂದಿಗೆಲ್ಲ ದುಃಖ ದಾಟುವ ದಾರಿ ಹೇಳುತ್ತಾ ಬಂದೆ. ನನ್ನ ದುಃಖ ಬಂದಾಗ ಆ ಮಾತು ನನ್ನ ಕೈ ಹಿಡಿಯಲಿಲ್ಲ. ಈಗ ಅದನ್ನು ಹೇಳುವಾಗ ಸುಳ್ಳು ಹೇಳಿದಂತೆ ಆಗುತ್ತದೆ. ದಣಿದಿದ್ದೇನೆ. ಬಿಟ್ಟುಬಿಡಲೇ?" ಕನ್ನಡದಲ್ಲಿ ಅದು ಸರಿಯಾಗಿ ಕೂತಿತ್ತು.

ಥಾಯ್ಲೆಂಡಿನಲ್ಲಿ ಇಳಿದ ಮೇಲೆ ಕನ್ನಡ ಎಂಬುದು ಅವರ ಬಾಯಲ್ಲೇ ಉಳಿಯಿತು. ಕಿವಿಗೆ ಮಾತ್ರ ಎಲ್ಲೂ ಬೀಳಲಿಲ್ಲ. ಊಟದ ಸಾಲಿನಲ್ಲಿ ಏನೋ ಕೇಳುತ್ತಿದ್ದರು, ಇವರು ತಲೆ ಆಡಿಸುತ್ತಿದ್ದರು, ತಟ್ಟೆಗೆ ಬೇಡದ್ದು ಬೀಳುತ್ತಿತ್ತು. ಬಚ್ಚಲಿನ ದಾರಿ ಕೇಳಲು ಹೋಗಿ ಒಮ್ಮೆ ಪುಸ್ತಕದ ಮಳಿಗೆಗೆ ತಲುಪಿದ್ದರು. ಸಭೆಯಲ್ಲಿ ಕಿವಿಗೆ ಹಾಕಿಕೊಳ್ಳಲು ಒಂದು ಯಂತ್ರ ಕೊಟ್ಟರು. ಗುಂಡಿ ತಿರುಗಿಸಿದರೆ ಭಾಷಣ ಇಂಗ್ಲಿಷಿನಲ್ಲಿ ಬರುತ್ತಿತ್ತು, ಇನ್ನೊಮ್ಮೆ ತಿರುಗಿಸಿದರೆ ಚೀನಿ, ಮತ್ತೆ ತಿರುಗಿಸಿದರೆ ಜಪಾನಿ. ಒಂದು ಕಡೆ ಬರೀ ಗೊರ್ ಎನ್ನುವ ಸದ್ದು ಬರುತ್ತಿತ್ತು. ಧೂಳಪ್ಪನವರು ಅದನ್ನೇ ಇಟ್ಟುಕೊಂಡು ಕೂತರು.

ಎಲ್ಲರೂ ನೆಲದ ಮೇಲೆ ಚಾಪೆಯಲ್ಲಿ ಕೂರಬೇಕು. ಅವರ ಮೊಣಕಾಲು ಸುಡುತ್ತಿದ್ದವು. ಪಕ್ಕದಲ್ಲಿ ವಯಸ್ಸಾದವರಿಗೆಂದು ಕುರ್ಚಿಗಳಿದ್ದವು. ಕೇಳುವುದು ಹೇಗೆ, ಯಾರನ್ನು ಕೇಳುವುದು? ಚಾಪೆಯ ಮೇಲೇ ಕಾಲು ಮಡಚಿ ಕೂತರು. ನಗುವವರ ಜೊತೆ ತಡವಾಗಿ ನಕ್ಕರು, ಕೈಮುಗಿಯುವವರ ಜೊತೆ ಕೈಮುಗಿದರು. ಅಷ್ಟು ಸಾವಿರ ಜನರ ನಡುವೆ ಒಬ್ಬರೇ ಇದ್ದಂತೆ ಇತ್ತು. ಯಾಕಾದರೂ ಬಂದೆನೋ ಎಂದು ದಿನಕ್ಕೆ ಎಷ್ಟು ಸಲ ಅಂದುಕೊಂಡರೋ.

ಅವರಿಗೆ ಅಲ್ಲಿ ಸಿಕ್ಕ ಒಂದೇ ಆಸರೆ ನಾಗಪುರದ ವನಮಾಲಾತಾಯಿ. ನಿವೃತ್ತ ಶಿಕ್ಷಕಿ, ಮರಾಠಿಯವರು, ಹಿಂದಿ ಇಂಗ್ಲಿಷು ಎರಡೂ ಬಲ್ಲವರು. ಧೂಳಪ್ಪನವರಿಗೆ ಒಂದಿಷ್ಟು ಹಿಂದಿ ಬರುತ್ತಿತ್ತು. ಸಂತೆಯಲ್ಲಿ ಬದನೆಕಾಯಿ ಚೌಕಾಶಿ ಮಾಡಲು, ಬಸ್ಸಿನಲ್ಲಿ ಟಿಕೇಟು ಕೊಡಲು ಸಾಲುವ ಹಿಂದಿ ಅದು.

ಕೊನೆಯ ದಿನ ಆ ಹಿರಿಯ ಭಿಕ್ಷು ಬಂದರು. ಇಬ್ಬರು ಹಿಡಿದು ಕರೆತಂದು ಕೂರಿಸಿದರು. ಮೈಯೆಲ್ಲ ಎಲುಬು. ಕಿವಿ ಮಂದ. ಒಬ್ಬರಾದ ಮೇಲೊಬ್ಬರು ಎದ್ದು ಪ್ರಶ್ನೆ ಕೇಳಿದರು. ವನಮಾಲಾತಾಯಿ ಧೂಳಪ್ಪನವರ ಕೈಯನ್ನು ತಾವೇ ಎತ್ತಿ ಹಿಡಿದರು. ಮೈಕು ಬಂತು. ಧೂಳಪ್ಪನವರು ಎದ್ದು ನಿಂತರು. ಒಂದು ಕೈ ಮೊಣಕಾಲಿನ ಮೇಲೇ ಇತ್ತು.

ಕನ್ನಡದಲ್ಲಿ ಅಷ್ಟು ಚಂದವಾಗಿ ಕೂತಿದ್ದ ಪ್ರಶ್ನೆ ಹಿಂದಿಗೆ ಬರಲು ಒಲ್ಲೆ ಎಂದಿತು. ದುಃಖ ದಾಟುವುದಕ್ಕೆ ಏನನ್ನುತ್ತಾರೆ? ಮಾತು ನಾಟುವುದಕ್ಕೆ ಏನನ್ನುತ್ತಾರೆ? ಸಭೆ ಕಾಯುತ್ತಿತ್ತು.

"ಭಂತೇಜಿ... ಮೈ ಬಹುತ್ ಸಾಲ್ ಸೇ... ಬೋಲ್ ಬೋಲ್ ಕೇ... ಥಕ್ ಗಯಾ. ಕ್ಯಾ ಕರೂಂ?" ಎಂದರು. ಹೇಳಿ ಹೇಳಿ ದಣಿದೆ, ಏನು ಮಾಡಲಿ ಎಂದಷ್ಟೇ ಆಯಿತು.

ವನಮಾಲಾತಾಯಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ವೇದಿಕೆಯ ಮೇಲಿದ್ದ ಇನ್ನೊಬ್ಬ ಭಿಕ್ಷು ಅದನ್ನು ಥಾಯ್ ಭಾಷೆಗೆ ತಿರುಗಿಸಿದರು. ಅದು ಇನ್ನೂ ಚಿಕ್ಕದಾಯಿತು. ಹಿರಿಯ ಭಿಕ್ಷುವಿಗೆ ಕೇಳಿಸಲಿಲ್ಲ. ಪಕ್ಕದಲ್ಲಿದ್ದವರು ಬಗ್ಗಿ ಅವರ ಕಿವಿಯಲ್ಲಿ ದಣಿದಿದ್ದಾರೆ ಎಂಬ ಒಂದೇ ಮಾತನ್ನು ಗಟ್ಟಿಯಾಗಿ ಕೂಗಿದರು.

ಹಿರಿಯ ಭಿಕ್ಷು ತಲೆ ಎತ್ತಿ ಧೂಳಪ್ಪನವರನ್ನು ಬಹಳ ಹೊತ್ತು ನೋಡಿದರು. ಮುಖ ನೋಡಿದರು, ಆಮೇಲೆ ಕಾಲು ನೋಡಿದರು. ಮೆಲ್ಲಗೆ ಏನೋ ಅಂದರು. ಕೂಡಲೇ ಇಬ್ಬರು ಓಡಿ ಹೋಗಿ ಒಂದು ಕುರ್ಚಿ ತಂದು ಧೂಳಪ್ಪನವರ ಹಿಂದೆ ಇಟ್ಟರು.

"ಕೂತುಕೊಳ್ಳಲಿ ಅಂದರು, ದಾದಾ," ಎಂದು ವನಮಾಲಾತಾಯಿ ಕಿವಿಯ ಯಂತ್ರದಲ್ಲಿ ಬಂದ ಇಂಗ್ಲಿಷನ್ನು ಹಿಂದಿಯಲ್ಲಿ ಹೇಳಿದರು.

"ಮತ್ತೆ?"

"ಅಷ್ಟೇ."

ಧೂಳಪ್ಪನವರ ಮುಖ ಕೆಂಪಾಯಿತು. ಕಡಲು ದಾಟಿ ಬಂದದ್ದು ಕುರ್ಚಿ ಕೇಳಲಿಕ್ಕೇ? ಸುತ್ತಲಿನ ಜನ ಅವರನ್ನು ನೋಡಿ ಪ್ರೀತಿಯಿಂದ ನಗುತ್ತಿದ್ದರು. ಆ ನಗು ಅವರಿಗೆ ಇನ್ನೂ ಚುಚ್ಚಿತು.

"ನಾನು ಕುರ್ಚಿ ಕೇಳಲಿಲ್ಲ ತಾಯಿ," ಎಂದರು ತಮ್ಮ ಹರಕು ಹಿಂದಿಯಲ್ಲಿ.

"ತಪ್ಪು ನನ್ನದು ದಾದಾ. ನಾನು ಸರಿಯಾಗಿ ಹೇಳಲಿಲ್ಲ. ಮತ್ತೊಮ್ಮೆ ಕೇಳುತ್ತೇನೆ," ಎಂದು ಅವರು ಮೈಕಿಗೆ ಕೈ ಚಾಚಿದರು. ಮೈಕು ಆಗಲೇ ಮುಂದಿನವರ ಕೈಗೆ ಹೋಗಿತ್ತು. ಆ ಮುಂದಿನವರು ಪ್ರಶ್ನೆ ಕೇಳಿಯೂ ಆಯಿತು. ಆದರೆ ಹಿರಿಯ ಭಿಕ್ಷು ಅತ್ತ ತಿರುಗಲಿಲ್ಲ. ಧೂಳಪ್ಪನವರನ್ನೇ ನೋಡುತ್ತಿದ್ದರು. ಅಂಗೈಯನ್ನು ಕೆಳಮುಖ ಮಾಡಿ, ಕೂರು, ಕೂರು ಎಂದು ಸನ್ನೆ ಮಾಡುತ್ತಿದ್ದರು. ಇವರು ಕೂರುವ ತನಕ ಸಭೆ ಮುಂದೆ ಹೋಗುವಂತಿರಲಿಲ್ಲ.

ಧೂಳಪ್ಪನವರು ಸಿಟ್ಟಿನಲ್ಲೇ ಕೂತರು.

ಕೂತ ಮೇಲೆ ಮೊಣಕಾಲಿನ ಉರಿ ಇಳಿಯಿತು. ಬೆನ್ನು ಹಿಂದಕ್ಕೆ ಆನಿಕೊಂಡಿತು. ಅವರು ಬೇಡವೆಂದರೂ ಮೈ ಸಡಿಲಾಯಿತು. ಕಣ್ಣು ಮುಚ್ಚಿದರು. ಮುಂದಿನ ಪ್ರಶ್ನೆಗಳು, ಉತ್ತರಗಳು ಎಲ್ಲಿಂದಲೋ ಕೇಳುತ್ತಿದ್ದವು. ಒಂದೂ ಅರ್ಥವಾಗುತ್ತಿರಲಿಲ್ಲ. ಅರ್ಥ ಮಾಡಿಕೊಳ್ಳಬೇಕೆಂಬ ಆಸೆಯೂ ಉಳಿದಿರಲಿಲ್ಲ.

ಸಮ್ಮೇಳನ ಮುಗಿಯುವ ಹೊತ್ತು ಬಂತು. ಎಲ್ಲ ದೇಶದವರೂ ಸೇರಿ ಬುದ್ಧಂ ಸರಣಂ ಎಂಬ ತ್ರಿಸರಣವನ್ನು ಮೂರು ಸುತ್ತು ಹೇಳಲು ಶುರು ಮಾಡಿದರು. ರೂಢಿಯ ಬಲದಿಂದ ಧೂಳಪ್ಪನವರ ಬಾಯಿ ತಾನಾಗಿ ತೆರೆಯಿತು. ಆದರೆ ಅಲ್ಲಿಯವರ ಧಾಟಿ ಬೇರೆ. ನಿಧಾನ, ಎಳೆದು ಎಳೆದು ಹೇಳುವ ರೀತಿ. ಉಚ್ಚಾರವೂ ಬೇರೆ. ಇವರು ಒಂದು ಸಾಲು ಮುಗಿಸಿದರೆ ಅವರು ಇನ್ನೂ ಅರ್ಧದಲ್ಲಿ. ಜೊತೆ ಸೇರಲು ನೋಡಿದರು, ಆಗಲಿಲ್ಲ. ಬಾಯಿ ಮುಚ್ಚಿ ಸುಮ್ಮನಾದರು.

ಅವರ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಅಲ್ಲಿಯದೇ ಒಬ್ಬ ಮುದುಕಿ ಕೂತಿದ್ದಳು. ಬಿಳಿ ಬಟ್ಟೆ, ಬೊಚ್ಚು ಬಾಯಿ. ಈ ಪರದೇಶಿ ಸುಮ್ಮನಾದದ್ದನ್ನು ಅವಳು ನೋಡಿದಳು. ಪಾಪ, ಇವನಿಗೆ ಬರುವುದಿಲ್ಲ ಎಂದುಕೊಂಡಳು. ಪೂರ್ತಿ ಇವರ ಕಡೆ ತಿರುಗಿ ಕೂತು, ಕೂಸಿಗೆ ಮಾತು ಕಲಿಸುವವಳ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದಳು.

"ಫುತ್ಥಾಂಗ್..."

ತಲೆ ಆಡಿಸಿದಳು. ಹೇಳು, ಎಂಬಂತೆ.

"ಸರಣಾಂಗ್... ಖಚ್ಛಾಮಿ..."

ಓಣಿಗೆಲ್ಲ ಈ ಸಾಲು ಕಲಿಸಿದವರು ಧೂಳಪ್ಪ. ಅವರು ನಕ್ಕುಬಿಡಬಹುದಿತ್ತು. ನನಗೆ ಬರುತ್ತದಮ್ಮಾ ಎಂದು ಸನ್ನೆ ಮಾಡಬಹುದಿತ್ತು. ತಮ್ಮ ಶುದ್ಧ ಉಚ್ಚಾರದಲ್ಲಿ ಗಟ್ಟಿಯಾಗಿ ಹೇಳಿ ತೋರಿಸಲೂಬಹುದಿತ್ತು. ಆ ಮುದುಕಿಯ ಮುಖ ನೋಡಿದರು. ಅವಳು ಕಾಯುತ್ತಿದ್ದಳು. ಯಾವ ಅವಸರವೂ ಇರಲಿಲ್ಲ.

"ಫುತ್ಥಾಂಗ್," ಎಂದರು ಧೂಳಪ್ಪ, ಅವಳಂತೆಯೇ.

ಮುದುಕಿಗೆ ಖುಷಿಯಾಯಿತು. ಮುಂದಿನ ಪದ ಹೇಳಿದಳು. ಇವರು ಅದನ್ನೂ ಹೇಳಿದರು. ಎರಡನೆಯ ಸುತ್ತು ಬಂತು. ಅವಳು ಮುಂದೆ, ಇವರು ಹಿಂದೆ. ಅವಳ ಒಡಕು ದನಿ ಏರಿದಲ್ಲಿ ಏರುತ್ತಾ, ಇಳಿದಲ್ಲಿ ಇಳಿಯುತ್ತಾ ಹೋಗುತ್ತಿದ್ದಾಗ ಧೂಳಪ್ಪನವರಿಗೆ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷದಲ್ಲಿ ತಮಗಾಗಿ ಯಾರೂ ಇದನ್ನು ಹೇಳಿರಲಿಲ್ಲ. ಶೇವಂತಾ ಮಲಗಿದ್ದ ದಿನವೂ ಯಾರೂ ಹೇಳಿರಲಿಲ್ಲ. ಅವರು ಎಲ್ಲರಿಗೂ ಹೇಳುತ್ತಿದ್ದರು, ಕೇಳುವ ಜಾಗದಲ್ಲಿ ಒಮ್ಮೆಯೂ ಕೂತವರಲ್ಲ.

ಮೂರನೆಯ ಸುತ್ತಿಗೆ ಅರ್ಧದಲ್ಲೇ ನಿಂತರು. ಹೆಂಡತಿ ಸತ್ತ ದಿನ ಬಾರದ ಅಳು ಈಗ ಬಂತು. ಭುಜ ಅಲುಗುವಂತೆ ಅತ್ತರು. ಮುದುಕಿ ಯಾಕೆ ಎಂದು ಕೇಳಲಿಲ್ಲ. ಕೇಳಲು ಅವಳಿಗೆ ಭಾಷೆ ಎಲ್ಲಿತ್ತು? ಇವರ ಪಾಲಿನದನ್ನೂ ಸೇರಿಸಿ ತಾನೊಬ್ಬಳೇ ಕೊನೆಯ ತನಕ ಹೇಳಿ ಮುಗಿಸಿದಳು. ಆಮೇಲೆ ಸೊಂಟದ ಚೀಲ ತಡಕಿ, ಮೂಗಿಗೆ ಹಿಡಿಯುವ ಕರ್ಪೂರದ ಘಾಟಿನ ಒಂದು ಸಣ್ಣ ಡಬ್ಬಿ ತೆಗೆದು ಇವರ ಕೈಗಿಟ್ಟಳು. ಮೂಸು ಎಂದು ತೋರಿಸಿದಳು. ಧೂಳಪ್ಪನವರು ಮೂಸಿದರು. ಘಾಟಿಗೆ ಕೆಮ್ಮು ಬಂತು. ಇಬ್ಬರೂ ನಕ್ಕರು.

ಜನ ಏಳುತ್ತಿದ್ದರು. ವನಮಾಲಾತಾಯಿ ಹತ್ತಿರ ಬಂದರು.

"ದಾದಾ, ಭಂತೇಜಿ ಇನ್ನೂ ಒಳಗಿದ್ದಾರೆ. ಈಗ ಪುರುಸೊತ್ತಿದೆ. ನಿಮ್ಮ ಪ್ರಶ್ನೆಯನ್ನು ನನಗೆ ಪೂರ್ತಿ ಹೇಳಿ, ಸರಿಯಾಗಿ ಕೇಳೋಣ."

ಧೂಳಪ್ಪನವರು ಮುಖ ಒರೆಸಿಕೊಂಡರು. "ಬೇಡ ತಾಯಿ. ಅವರೂ ದಣಿದಿದ್ದಾರೆ."

"ಹಾಗಾದರೆ ಉತ್ತರ ಸಿಕ್ಕಿತೇ?"

"ಗೊತ್ತಿಲ್ಲ. ಅತ್ತುಬಿಟ್ಟೆ. ಅಷ್ಟು ಗೊತ್ತು."

ಊರಿಗೆ ಬಂದರು. ಓಣಿಯವರು ಸುತ್ತ ನೆರೆದು, "ಏನ್ ಕಲ್ತು ಬಂದ್ರಿ ಕಾಕಾ?" ಎಂದು ಕೇಳಿದರು. "ಒಂದು ಮಾತೂ ತಿಳೀಲಿಲ್ಲಪಾ," ಎಂದರು ಧೂಳಪ್ಪ. ಇದೆಲ್ಲ ಅವರ ದೊಡ್ಡತನದ ಮಾತು ಎಂದುಕೊಂಡು ಜನ ಅದನ್ನು ನಂಬಲಿಲ್ಲ.

ಸ್ವಲ್ಪ ದಿನಕ್ಕೆ ಓಣಿಯಲ್ಲಿ ಒಂದು ಸಾವಾಯಿತು. ಪೇಂಟಿಂಗ್ ಕೆಲಸ ಮಾಡುವ ರತ್ನಾಕರನ ಹೆಂಡತಿ, ಇನ್ನೂ ಸಣ್ಣ ವಯಸ್ಸು. ಧೂಳಪ್ಪನವರನ್ನು ಕರೆಯಲು ಬಂದರು. ಅವರು ಬಿಳಿ ಅಂಗಿ ತೊಟ್ಟು ಹೊರಟರು. ಆದರೆ ನಡುವೆ ಇಂದೂಬಾಯಿಯ ಮನೆಯ ಮುಂದೆ ನಿಂತರು. ಇಂದೂಬಾಯಿ ಓಣಿಯಲ್ಲಿ ಜಂಪರು ಹೊಲಿಯುವವಳು. ಪ್ರತಿ ಹುಣ್ಣಿಮೆಗೆ ವಿಹಾರಕ್ಕೆ ಬರುತ್ತಿದ್ದಳು, ಗಾಥೆಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದ್ದಳು.

"ಬಾ ಯವ್ವಾ. ಇವತ್ತ ನೀ ಹೇಳು."

"ಅಯ್ಯ, ನಾ ಹೆಂಗ ಹೇಳ್ಲಿ ಕಾಕಾ? ತಪ್ಪಿದ್ರ?"

"ತಪ್ಪಿದ್ರ ತಪ್ಪಲಿ. ನಾ ಅಲ್ಲೇ ಇರ್ತೀನಿ."

ಸಾವಿನ ಮನೆಯಲ್ಲಿ ಇಂದೂಬಾಯಿ ಹೆಣದ ತಲೆಯ ಹತ್ತಿರ ನಿಂತಳು. ಧೂಳಪ್ಪನವರು ರತ್ನಾಕರನ ಪಕ್ಕ ಹೋಗಿ ನೆಲದ ಮೇಲೆ ಕಷ್ಟಪಟ್ಟು ಕೂತರು.

"ಕಾಕಾ, ನೀವು ಹೇಳಲ್ಲೇನು?" ಎಂದ ರತ್ನಾಕರ, ದಿಕ್ಕು ತೋಚದವನಂತೆ.

"ಇಲ್ಲಪಾ. ಇವತ್ತ ನಾ ನಿನ್ನ ಕೂಡ ಕುಂದ್ರಾವ."

ಇಂದೂಬಾಯಿ ಶುರು ಮಾಡಿದಳು. ಒಂದು ಕಡೆ ಸಾಲು ಬಿಟ್ಟಳು, ಮತ್ತೆ ಹಿಂದೆ ಹೋಗಿ ಹೇಳಿದಳು. ಕೆಲವರು ಮುಖ ಮುಖ ನೋಡಿಕೊಂಡರು. "ಫಾರಿನ್ ನೋಡಿ ಬಂದಾರ, ಈಗ ಕೈಕೆಳಗಿನವರ ಕಡಿಂದ ಹೇಳಸ್ತಾರ," ಎಂದು ಹಿಂದೆ ಯಾರೋ ಪಿಸುಗುಟ್ಟಿದ್ದು ಧೂಳಪ್ಪನವರ ಕಿವಿಗೂ ಬಿತ್ತು. ಅವರು ತಿರುಗಿ ನೋಡಲಿಲ್ಲ. ರತ್ನಾಕರನ ಕೈ ಹಿಡಿದು, ಇಂದೂಬಾಯಿ ಹೇಳಿದ್ದನ್ನು ಎಲ್ಲರಂತೆ ಹಿಂದಿನಿಂದ ಹೇಳಿದರು. ಹುಟ್ಟಿದ್ದು ಅಳಿಯುತ್ತದೆ ಎಂದು ಆವತ್ತು ಅವನಿಗೆ ಹೇಳಲಿಲ್ಲ. ಜನ ಚದುರಿದ ಮೇಲೂ ಎದ್ದು ಹೋಗಲಿಲ್ಲ. ಸಂಜೆ ಹೊತ್ತಿಗೆ ರತ್ನಾಕರ ತಾನಾಗಿ ಅವರ ತೊಡೆಯ ಮೇಲೆ ತಲೆ ಇಟ್ಟು ಅತ್ತ.

ಆಮೇಲೆ ವಿಹಾರದಲ್ಲಿ ವಾರಕ್ಕೊಮ್ಮೆ ಗಾಥೆ ಕಲಿಸುವುದು ಶುರುವಾಯಿತು. ಇಂದೂಬಾಯಿ ಗಟ್ಟಿಯಾದಳು. ಇನ್ನೂ ಇಬ್ಬರು ಮೂವರು ಹೇಳುವವರಾದರು. ಧೂಳಪ್ಪನವರ ದಣಿವು ಪೂರ್ತಿ ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ವಯಸ್ಸಾಗಿತ್ತು. ಶೇವಂತಾಬಾಯಿ ಇಲ್ಲದ ಮನೆ ಹಾಗೇ ಖಾಲಿ ಇತ್ತು. ಆದರೆ ಈಗ ಮಲಗಿದರೆ ನಿದ್ದೆ ಬರುತ್ತಿತ್ತು.

ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ಸಾವಾದ ಒಂದು ಮನೆಯಿಂದ ಕರೆಯಲು ಬಂದರು. ಬಾಗಿಲಲ್ಲಿ ನಿಂತು ನೋಡಿದರು. ಮುದುಕ ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದ. ಬಂದವರು ಎಬ್ಬಿಸಲಿಲ್ಲ. ಸದ್ದಾಗದಂತೆ ಬಾಗಿಲು ಎಳೆದುಕೊಂಡು ಇಂದೂಬಾಯಿಯ ಮನೆಗೆ ಹೋದರು.

ಎದ್ದ ಮೇಲೆ ಧೂಳಪ್ಪನವರಿಗೆ ಸುದ್ದಿ ತಿಳಿಯಿತು. ಮೊದಲು ಚೂರು ಸಿಟ್ಟು ಬಂತು. ನಾನಿಲ್ಲದೆ ಶುರು ಮಾಡಿದರೇ? ಚಪ್ಪಲಿ ಮೆಟ್ಟಿಕೊಂಡು ಹೊರಟರು. ಆ ಮನೆ ತಲುಪುವ ಹೊತ್ತಿಗೆ ಗಾಥೆ ಅರ್ಧ ಆಗಿತ್ತು. ತುಂಬಿದ ಅಂಗಳದಲ್ಲಿ ಎಲ್ಲರೂ ಒಂದೇ ದನಿಯಲ್ಲಿ ಹೇಳುತ್ತಿದ್ದರು. ಇವರು ಬಂದದ್ದನ್ನು ಕಂಡು ಯಾರೂ ಹೇಳುವುದನ್ನು ನಿಲ್ಲಿಸಲಿಲ್ಲ. ಕೊನೆಯ ಸಾಲಿನಲ್ಲಿ ಇಬ್ಬರು ಅತ್ತಿತ್ತ ಸರಿದು ಜಾಗ ಮಾಡಿದರು. ಧೂಳಪ್ಪನವರು ಕೂತರು.

ನೀತಿ: ಊರಿಗೆಲ್ಲ ಸಮಾಧಾನ ಹೇಳುವವರಿಗೂ ಸಮಾಧಾನ ಹೇಳುವವರು ಒಬ್ಬರು ಬೇಕು. ದಣಿದು ಬಂದವರಿಗೆ ಮೊದಲು ಕೂರಲು ಜಾಗ ಕೊಡಿ, ಬುದ್ಧಿಮಾತು ಆಮೇಲೆ. ಅದಕ್ಕೆ ಭಾಷೆ ಬೇಕಿಲ್ಲ. ದಣಿದವರು ನೀವೇ ಆಗಿದ್ದರೆ, ಕೊಟ್ಟ ಜಾಗದಲ್ಲಿ ಕೂತುಕೊಳ್ಳಿ.